ಅರವತ್ತನಾಲ್ಕು ಮನೆಗಳಲ್ಲಿ ಅಡಗಿದ ಸಂಖ್ಯೆ

ಒಂಬತ್ತನೆಯ ತರಗತಿಯಲ್ಲಿ ಘಾತಾಂಕಗಳ ಪಾಠ ನಡೆದಿತ್ತು. ಊಟದ ನಂತರದ ಅವಧಿ. ಅರ್ಧ ತರಗತಿ ತೂಕಡಿಸುತ್ತಿತ್ತು. ಮಕ್ಕಳನ್ನು ಎಚ್ಚರಿಸಲೆಂದು ಚದುರಂಗದ ಹಳೆಯ ಕಥೆಯನ್ನು ತೆಗೆದೆ. ನಿಮಗೂ ಗೊತ್ತಿರಬಹುದು. ಚದುರಂಗದಾಟವನ್ನು ಕಂಡುಹಿಡಿದ ಜಾಣನಿಗೆ ರಾಜ ಬಹುಮಾನ ಕೊಡಲು ಮುಂದಾಗುತ್ತಾನೆ. ಜಾಣ ಕೇಳುವುದು ಬಹಳ ಕಡಿಮೆ. ಹಾಸಿನ ಮೊದಲ ಮನೆಗೆ ಒಂದು ಕಾಳು ಗೋಧಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ. ಒಟ್ಟು ಅರವತ್ತನಾಲ್ಕು ಮನೆಗೆ ಎಷ್ಟಾಗುತ್ತದೋ ಅಷ್ಟು. ಇಷ್ಟೇ ತಾನೆ ಎಂದು ರಾಜ ನಗುತ್ತಾನೆ. ಲೆಕ್ಕ ಹಾಕಿದ ಮೇಲೆ ನಗು ನಿಲ್ಲುತ್ತದೆ.

ಒಟ್ಟು ಕಾಳುಗಳು 2⁶⁴ − 1. ಮಕ್ಕಳಿಗೆ ಉತ್ತರ ನೋಡುವ ಆತುರ. ನನ್ನ ಮೊಬೈಲನ್ನೇ ಮುಂದಿನ ಬೆಂಚಿನ ಹುಡುಗನ ಕೈಗೆ ಕೊಟ್ಟೆ. ಅದರಲ್ಲಿದ್ದ ಕ್ಯಾಲ್ಕುಲೇಟರ್ 1.844674407 ಎಂದು ತೋರಿಸಿ, ಪಕ್ಕದಲ್ಲಿ ಒಂದು ‘ಇ’ ಅಕ್ಷರವನ್ನೂ 19ನ್ನೂ ಬರೆದು ಸುಮ್ಮನಾಯಿತು. “ಸಾರ್, ಒಂದು ಕಳೆದ್ರೂ ಏನೂ ಬದಲಾಗ್ಲಿಲ್ಲ!” ಎಂದು ಹುಡುಗ ಬೆರಗಾದ. ಹಾಗಾದರೆ ಈ ಸಂಖ್ಯೆಯ ಕೊನೆಯಲ್ಲಿ ಏನಿದೆ ಎಂದು ಕೇಳಿದೆ. “ಹತ್ತು ಸೊನ್ನೆ ಸಾರ್” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿ. “ಸೊನ್ನೆ ಬರೋಕಾಗಲ್ಲ ಸಾರ್. ಸೊನ್ನೆ ಬರಬೇಕಾದ್ರೆ ಐದರಿಂದ ಗುಣಿಸಿರಬೇಕು. ನಾವು ಬರೀ ಎರಡರಿಂದ ಗುಣಿಸ್ತಾ ಇದೀವಿ” ಎಂದಳು.

ನಾನು ಕೆಲವು ಕ್ಷಣ ಸೀಮೆಸುಣ್ಣ ಹಿಡಿದು ಹಾಗೆಯೇ ನಿಂತೆ. ಆ ಹುಡುಗಿಗೆ ಹಿಂದಿನ ಪರೀಕ್ಷೆಯ ಗಣಿತದಲ್ಲಿ ಬಂದಿದ್ದ ಅಂಕ ನೂರಕ್ಕೆ ಮೂವತ್ತೆಂಟು.

ಅದೇ ವಾರ ಪೋಷಕರ ಸಭೆ ಇತ್ತು. ಅವಳ ತಂದೆಯೂ ಬಂದಿದ್ದರು. ಮಂಡಿಯಲ್ಲಿ ಧಾನ್ಯ ತೂಗುವ ಕೆಲಸ ಅವರದು. “ಮೇಷ್ಟ್ರೇ, ಲೆಕ್ಕ ಅವಳ ತಲೆಗೆ ಹತ್ತಲ್ಲ. ಮುಂದೆ ಸೈನ್ಸ್ ಬೇಡ ಅಂತ ನೀವೇ ಹೇಳಿಬಿಡಿ. ಈ ಸೂತ್ರಗಳನ್ನ ಉರು ಹೊಡೆದು ಏನಾಗಬೇಕು? ಎಲ್ಲ ಮೊಬೈಲ್‌ನಲ್ಲೇ ಬರುತ್ತಲ್ಲ” ಎಂದರು. ಮೊಬೈಲಿಗೆ ಬಾರದ ಉತ್ತರವನ್ನು ನಿಮ್ಮ ಮಗಳು ಮೊನ್ನೆ ಹೇಳಿದಳು ಎಂದೆ. ಅವರು ನಂಬಲಿಲ್ಲ. ಕೂರಿಸಿಕೊಂಡು ಈ ಸಂಖ್ಯೆಯ ವಿಷಯ ಹೇಳಿದೆ. ಅಂದು ಹೇಳಿದ್ದನ್ನೂ, ಸಮಯವಿಲ್ಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೊನೆಯ ಅಂಕಿ ಯಾವುದು?

ಎರಡರ ಘಾತಗಳನ್ನು ಬರೆಯುತ್ತ ಹೋಗಿ: 2, 4, 8, 16, 32, 64, 128, 256... ಕೊನೆಯ ಅಂಕಿಯನ್ನು ಮಾತ್ರ ಗಮನಿಸಿ. 2, 4, 8, 6, ಮತ್ತೆ 2, 4, 8, 6. ನಾಲ್ಕು ಹೆಜ್ಜೆಗೊಮ್ಮೆ ಅದೇ ಸುತ್ತು. 64 ಎಂಬುದು ನಾಲ್ಕರ ಅಪವರ್ತ್ಯ. ಆದ್ದರಿಂದ 2⁶⁴ರ ಕೊನೆಯ ಅಂಕಿ 6. ಒಂದು ಕಳೆದರೆ 5. ಯಂತ್ರ ನುಂಗಿಹಾಕಿದ ಕೊನೆಯ ಅಂಕಿಯನ್ನು ಕಾಗದದ ಒಂದು ಮೂಲೆಯಲ್ಲೇ ಕಂಡುಕೊಂಡೆವು.

ಪೂರ್ತಿ ಸಂಖ್ಯೆ ಬೇಕಾದರೂ ಅರವತ್ತಮೂರು ಬಾರಿ ಗುಣಿಸಬೇಕಾಗಿಲ್ಲ. 2ನ್ನು ವರ್ಗ ಮಾಡಿದರೆ 4, ಅದರ ವರ್ಗ 16, ಅದರ ವರ್ಗ 256, ಅದರ ವರ್ಗ 65,536, ಅದರ ವರ್ಗ 4,29,49,67,296. ಇದನ್ನು ಇನ್ನೊಮ್ಮೆ ವರ್ಗ ಮಾಡಿದರೆ 2⁶⁴ ಬಂದಿತು. ಆರೇ ಗುಣಾಕಾರ! ಈ ಉಪಾಯ ಹೊಸದಲ್ಲ. ಕನ್ನಡ ತರಗತಿಯಲ್ಲಿ ಲಘು ಗುರು ಹಾಕಿ ಪ್ರಸ್ತಾರ ಮಾಡುತ್ತೀರಲ್ಲ, ಆ ಛಂದಸ್ಸಿನ ಶಾಸ್ತ್ರಕಾರ ಪಿಂಗಳ ಎಷ್ಟು ಅಕ್ಷರಕ್ಕೆ ಎಷ್ಟು ಬಗೆಯ ಲಘು-ಗುರು ಜೋಡಣೆ ಸಾಧ್ಯ ಎಂದು ಎಣಿಸಲು ಇದೇ ಮಾರ್ಗವನ್ನು ಸೂತ್ರರೂಪದಲ್ಲಿ ಹೇಳಿದ್ದಾನೆ. ಅಕ್ಷರಗಳ ಸಂಖ್ಯೆಯನ್ನು ಅರ್ಧ ಮಾಡಬಹುದಾದಲ್ಲೆಲ್ಲ ಅರ್ಧ ಮಾಡುವುದು, ಮರಳಿ ಬರುವಾಗ ಅಲ್ಲಲ್ಲಿ ವರ್ಗ ಮಾಡುವುದು.

ಇನ್ನು ಎಲ್ಲ ಮನೆಗಳ ಮೊತ್ತ 2⁶⁴ − 1 ಏಕೆ? ಗುಣೋತ್ತರ ಶ್ರೇಢಿಯ ಸೂತ್ರ ಬಾರದವರಿಗೂ ಒಂದು ದಾರಿಯಿದೆ. ಪಕ್ಕದ ಮನೆಯಿಂದ ಒಂದು ಕಾಳು ಕಡ ತನ್ನಿ. ಅದನ್ನು ಮೊದಲ ಮನೆಯ ಒಂದಕ್ಕೆ ಸೇರಿಸಿದರೆ 2. ಅದನ್ನು ಎರಡನೆಯ ಮನೆಯ 2ಕ್ಕೆ ಸೇರಿಸಿದರೆ 4. ಮೂರನೆಯ ಮನೆಯ 4ಕ್ಕೆ ಸೇರಿಸಿದರೆ 8. ಹೀಗೇ ಸಾಗಿ ಕೊನೆಗೆ 2⁶⁴ ತಲಪುತ್ತೀರಿ. ಕಡ ತಂದ ಕಾಳನ್ನು ಹಿಂದಿರುಗಿಸಿ. ಉಳಿದದ್ದೇ ಉತ್ತರ:

1,84,46,74,40,73,70,95,51,615

ಇಪ್ಪತ್ತು ಅಂಕಿಗಳು. ನಮ್ಮ ರೀತಿಯಲ್ಲಿ ಓದುವುದಾದರೆ 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, 44 ಲಕ್ಷ 7 ಸಾವಿರದ 370 ಕೋಟಿ, 95 ಲಕ್ಷ 51 ಸಾವಿರದ 615.

ಮಂಡಿಯ ತಕ್ಕಡಿಯಲ್ಲಿ

ಹುಡುಗಿಯ ತಂದೆಗೆ ಇಷ್ಟು ಹೇಳುವಾಗ ಅವರ ಮುಖದಲ್ಲಿ ಆಸಕ್ತಿ ಕಾಣಲಿಲ್ಲ. ತೂಕದ ಮಾತು ಬಂದಾಗ ನೆಟ್ಟಗೆ ಕುಳಿತರು. ಗೋಧಿಯ ಸಾವಿರ ಕಾಳು ಸುಮಾರು 40 ಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಕಿಲೋಗೆ 25,000 ಕಾಳು. ಹಾಸಿನ ಮೊದಲ ಸಾಲಿನ ಎಂಟು ಮನೆಗೆ 255 ಕಾಳು, ಒಂದು ಹಿಡಿಗಿಂತ ಕಡಿಮೆ. ಎರಡು ಸಾಲಿಗೆ 65,535 ಕಾಳು, ಎರಡೂವರೆ ಕಿಲೋ ಚಿಲ್ಲರೆ. ಮೂರು ಸಾಲಿಗೆ 671 ಕಿಲೋ. ನಾಲ್ಕು ಸಾಲಿಗೆ, ಅಂದರೆ ಅರ್ಧ ಹಾಸಿಗೆ, 1,718 ಕ್ವಿಂಟಲ್.

“ಐವತ್ತು ಕಿಲೋ ಚೀಲಕ್ಕೆ ಹಿಡಿದರೆ ಮೂರು ಸಾವಿರದ ನಾನೂರ ಮೂವತ್ತಾರು ಚೀಲ. ಹತ್ತು ಟನ್ನಿನ ಲಾರಿಗಾದರೆ ಹದಿನೇಳು ಲೋಡು, ಸ್ವಲ್ಪ ಮಿಕ್ಕುತ್ತೆ” ಎಂದರು ಅವರು. ಕಾಗದ ಮುಟ್ಟಲಿಲ್ಲ. ಲೆಕ್ಕ ಯಾರ ತಲೆಗೆ ಹತ್ತುವುದಿಲ್ಲ ಎಂದು ಆಗ ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವರೇ ನಕ್ಕರು.

ಇಲ್ಲಿಯವರೆಗೆ ರಾಜನ ಕಣಜ ತಡೆದೀತು. ಆದರೆ ಐದನೆಯ ಸಾಲಿನ ಮೊದಲ ಮನೆಯೊಂದಕ್ಕೇ ಇದುವರೆಗಿನ ಎಲ್ಲವನ್ನೂ ಸೇರಿಸಿದಷ್ಟು, ಮೇಲೆ ಒಂದು ಕಾಳು ಬೇಕು. ಪ್ರತಿ ಮನೆಯ ಗುಣವೂ ಇದೇ. ಅರವತ್ತನಾಲ್ಕೂ ತುಂಬುವಾಗ ಆಗುವ ತೂಕ ಸುಮಾರು 73,800 ಕೋಟಿ ಟನ್. ಇಂದು ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್. ಇದೇ ಪ್ರಮಾಣದಲ್ಲಿ ಬೆಳೆಯುತ್ತ, ಒಂದು ಕಾಳನ್ನೂ ತಿನ್ನದೆ ಕೂಡಿಟ್ಟರೆ ಜಾಣನ ಬಹುಮಾನ ತೀರಿಸಲು ಒಂಬೈನೂರು ವರ್ಷಕ್ಕೂ ಹೆಚ್ಚು ಬೇಕು.

ಮಳಖೇಡದ ಕಾಲದ ಹೆಸರುಗಳು

ಇಂಥ ಸಂಖ್ಯೆಗೆ ಹಿಂದಿನವರ ಬಳಿ ಹೆಸರಿತ್ತೇ? ಇತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಗ್ರಂಥದ ಆರಂಭದಲ್ಲೇ ಅಮೋಘವರ್ಷನ ಸ್ತುತಿಯಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಇಪ್ಪತ್ತನೆಯ ಸ್ಥಾನದ ಹೆಸರು ‘ಮಹಾಶಂಖ’. ನಮ್ಮ ಸಂಖ್ಯೆಯ ಎಡತುದಿಯ 1 ನಿಂತಿರುವುದು ಆ ಮಹಾಶಂಖದ ಮನೆಯಲ್ಲಿ. ಅದರಾಚೆಗೂ ನಾಲ್ಕು ಹೆಸರುಗಳು ಬಾಕಿ ಇವೆ!

ಈ ಗ್ರಂಥವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಹನ್ನೊಂದನೆಯ ಶತಮಾನದವನೆಂದು ಹೇಳುತ್ತಾರೆ. ಅವನ ಒಂದು ಪದ್ಯದಲ್ಲಿ ಚದುರಂಗದ ಮನೆಗಳ ಇಮ್ಮಡಿ ಮೊತ್ತ ಪೂರ್ತಿಯಾಗಿದೆ. ಅಂಕಿಗಳ ರೂಪದಲ್ಲಿ ಬರೆದಿಲ್ಲ, ಪದಗಳಲ್ಲಿ ಹೇಳಿದ್ದಾನೆ. ಚಂದ್ರನೆಂದರೆ 1, ಅಗ್ನಿಯೆಂದರೆ 3, ವೇದವೆಂದರೆ 4, ಬಾಣವೆಂದರೆ 5, ಆಕಾಶವೆಂದರೆ 0 ಎಂದು ಲೆಕ್ಕ ಹಿಡಿಯುವ ಭೂತಸಂಖ್ಯಾ ಪದ್ಧತಿ ಅದು. ಬಿಡಿ ಸ್ಥಾನದಿಂದ ಆರಂಭಿಸಿ ಒಂದೊಂದೇ ಪದವನ್ನು ಬಿಡಿಸುತ್ತ ಹೋದರೆ ಇಪ್ಪತ್ತೂ ಅಂಕಿಗಳು ತಪ್ಪಿಲ್ಲದೆ ಸಿಗುತ್ತವೆ. ನಾನೇ ಪೆನ್ಸಿಲ್ ಹಿಡಿದು ಬಿಡಿಸಿ ನೋಡಿದ್ದೇನೆ. ಅದಕ್ಕೂ ಮೊದಲು, ಕ್ರಿ.ಶ. 1000ದ ಸುಮಾರಿಗೆ, ಅಲ್ಬಿರೂನಿಯೂ ಕಾಲಗಣನೆಯ ಕುರಿತ ತನ್ನ ಗ್ರಂಥದಲ್ಲಿ ಇದೇ ಸಂಖ್ಯೆಯನ್ನು ಸರಿಯಾಗಿ ಕೊಟ್ಟಿದ್ದಾನೆ. ಇವರಾರ ಬಳಿಯೂ ಯಂತ್ರವಿರಲಿಲ್ಲ ಎಂಬುದನ್ನು ಮಕ್ಕಳು ನೆನಪಿಡಬೇಕು.

ಬೀಗ ತೆರೆಯುವ ಸೂತ್ರ

ಸಂಖ್ಯೆಯ ಗಾತ್ರ ನೋಡಿದ್ದಾಯಿತು. ಈಗ ಅದರ ಒಳಗೆ ಹೋಗೋಣ. ಇಪ್ಪತ್ತಂಕಿಯ ಸಂಖ್ಯೆಯೊಂದನ್ನು ಕೊಟ್ಟು ಅದರ ಅಪವರ್ತನಗಳನ್ನು ಹುಡುಕಿ ಎಂದರೆ ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆ. ಆದರೆ ಇದರ ಬೀಗದ ಕೈ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ. ‘ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್’ ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಾರಲ್ಲ, ಅದೇ ನಿತ್ಯಸಮೀಕರಣ:

ಅ² − ಬ² = (ಅ + ಬ)(ಅ − ಬ)

2⁶⁴ ಎಂದರೆ 2³²ರ ವರ್ಗ. 1 ಎಂದರೆ 1ರ ವರ್ಗ. ಆದ್ದರಿಂದ 2⁶⁴ − 1 = (2³² + 1)(2³² − 1). ಎರಡನೆಯ ಆವರಣ ಮತ್ತೆ ಅದೇ ರೂಪದಲ್ಲಿದೆ. ಅದು (2¹⁶ + 1)(2¹⁶ − 1) ಆಗುತ್ತದೆ. ಮತ್ತೆ ಅದರ ಎರಡನೆಯ ಆವರಣವನ್ನು ಒಡೆಯಿರಿ. ಈರುಳ್ಳಿ ಸುಲಿದಂತೆ ಸುಲಿಯುತ್ತ ಹೋದರೆ ಕೊನೆಗೆ ಉಳಿಯುವುದು:

2⁶⁴ − 1 = 3 × 5 × 17 × 257 × 65,537 × 4,29,49,67,297

ಇದರ ಅರ್ಥವನ್ನು ಚದುರಂಗದ ಹಾಸಿನ ಮೇಲೆಯೇ ಕಾಣಬಹುದು. ಮೊದಲ ಎರಡು ಮನೆಯ ಕಾಳು 3. ನಾಲ್ಕು ಮನೆಯದು 15, ಅಂದರೆ 3 × 5. ಎಂಟು ಮನೆಯದು 255, ಅಂದರೆ 3 × 5 × 17. ಹದಿನಾರು ಮನೆಯದು 65,535, ಅಂದರೆ 3 × 5 × 17 × 257. ಮನೆಗಳು ಇಮ್ಮಡಿಯಾದಾಗಲೆಲ್ಲ ಒಂದು ಹೊಸ ಅಪವರ್ತನ ಬಂದು ಸೇರುತ್ತದೆ. ಹಳೆಯವು ಒಂದೂ ಬಿಟ್ಟುಹೋಗುವುದಿಲ್ಲ.

ಈ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದಾಗ ಒಬ್ಬ ಹುಡುಗ ಕೇಳಿದ: “ಸಾರ್, ಇವೆಲ್ಲ ಅವಿಭಾಜ್ಯ ಸಂಖ್ಯೆಗಳಾ?” ಒಳ್ಳೆಯ ಪ್ರಶ್ನೆ. ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಯುರೋಪಿನ ಮಹಾ ಮೇಧಾವಿಯೊಬ್ಬ ಇದೇ ಪ್ರಶ್ನೆಯಲ್ಲಿ ಎಡವಿದ್ದ.

ಅರ್ಧ ಹಾಸಿನವರೆಗೆ ಸರಿ

ಅವನ ಹೆಸರು ಪಿಯೆರ್ ಫರ್ಮಾ. ಫ್ರಾನ್ಸಿನವನು. ವೃತ್ತಿಯಿಂದ ನ್ಯಾಯಾಂಗದ ಅಧಿಕಾರಿ, ಬಿಡುವಿನಲ್ಲಿ ಗಣಿತ. ಎರಡನ್ನು 1, 2, 4, 8, 16 ಎಂಬ ಘಾತಗಳಿಗೆ ಏರಿಸಿ ಒಂದು ಕೂಡಿಸಿದರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ. 1640ರ ಸುಮಾರಿನ ತನ್ನ ಪತ್ರಗಳಲ್ಲಿ ಫರ್ಮಾ, ಈ ಸಾಲಿನಲ್ಲಿ ಮುಂದೆ ಬರುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಎಂಬ ನಂಬಿಕೆಯನ್ನು ವ್ಯಕ್ತಪಡಿಸಿದ. ತನ್ನ ಬಳಿ ಸಾಧನೆಯಿಲ್ಲ ಎಂದೂ ಒಪ್ಪಿಕೊಂಡಿದ್ದ. ಆದರೂ ನಂಬಿಕೆ ಗಟ್ಟಿಯಾಗಿತ್ತು.

ಆರನೆಯದು 2³² + 1, ಅಂದರೆ 4,29,49,67,297. ಸುಮಾರು ಒಂದು ಶತಮಾನದವರೆಗೆ ಇದನ್ನು ಒಡೆದು ನೋಡಿದವರಿಲ್ಲ. 1732ರಲ್ಲಿ ಇಪ್ಪತ್ತೈದರ ತರುಣ ಲಿಯೊನಾರ್ಡ್ ಆಯ್ಲರ್ ಇದನ್ನು 641 ಭಾಗಿಸುತ್ತದೆ ಎಂದು ತೋರಿಸಿದ:

4,29,49,67,297 = 641 × 67,00,417

ಮನಸ್ಸಿಗೆ ಬಂದ ಸಂಖ್ಯೆಗಳಿಂದ ಭಾಗಿಸುತ್ತ ಹೋದರೆ 641 ತಲಪುವಷ್ಟರಲ್ಲಿ ಸಾಕಾಗುತ್ತದೆ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇದ್ದರೂ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು ಎಂಬುದನ್ನು ಆಯ್ಲರ್ ಮುಂದೆ ವಿವರಿಸಿದ. ಆ ಜರಡಿ ಹಿಡಿದರೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಫಲ!

ಚದುರಂಗದ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಹಾಸಿನವರೆಗೆ, ಅಂದರೆ 32 ಮನೆಯವರೆಗೆ, ಫರ್ಮಾನ ಮಾತು ಸರಿ. ಅಲ್ಲಿನ 4,29,49,67,295 ಕಾಳುಗಳು ಅವನ ಐದು ಅವಿಭಾಜ್ಯಗಳ ಗುಣಲಬ್ಧ. ಉಳಿದರ್ಧ ತುಂಬುವಾಗ ಸೇರುವ ಆರನೆಯ ಸಂಖ್ಯೆಯಲ್ಲಿ ಮಾತು ಮುರಿಯಿತು. ಅದು ಅಲ್ಲಿಗೇ ನಿಲ್ಲಲಿಲ್ಲ. ಆ ಸಾಲಿನ ಮುಂದಿನ ಸಂಖ್ಯೆಗಳಲ್ಲಿ ಇದುವರೆಗೆ ಪರೀಕ್ಷೆ ಮುಗಿದವೆಲ್ಲ ಸಂಯುಕ್ತ ಸಂಖ್ಯೆಗಳೇ ಆಗಿವೆ. ಫರ್ಮಾ ಕಂಡ ಐದರಾಚೆಗೆ ಆರನೆಯ ಅವಿಭಾಜ್ಯ ಇಂದಿಗೂ ಸಿಕ್ಕಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಸೂತ್ರಕ್ಕೆ ಮೂರು ಉದಾಹರಣೆ ಕೊಟ್ಟು, “ಆದ್ದರಿಂದ ಸಾಧಿಸಲಾಗಿದೆ” ಎಂದು ಹಲಗೆಯ ಮೇಲೆ ಬರೆದುಬಿಡುತ್ತಿದ್ದೆ. ಪಾಠ ಬೇಗ ಮುಗಿಯುತ್ತಿತ್ತು. ಐದು ಉದಾಹರಣೆ ನೋಡಿ ಫರ್ಮಾನಂಥವನೇ ಮೋಸಹೋದ ಕಥೆ ಓದಿದ ಮೇಲೆ ಆ ಚಾಳಿ ಬಿಟ್ಟೆ. ಉದಾಹರಣೆ ನಂಬಿಕೆ ಹುಟ್ಟಿಸುತ್ತದೆ. ನಂಬಿಕೆಯನ್ನು ಸತ್ಯವೆನ್ನಲು ಸಾಧನೆ ಬೇಕು.

641: ಭಾಗಾಕಾರವಿಲ್ಲದ ಸಾಧನೆ

641 ಭಾಗಿಸುತ್ತದೆ ಎಂಬುದಕ್ಕೆ ಮುಂದಿನವರು ಕಂಡುಕೊಂಡ ಸೊಗಸಾದ ಸಾಧನೆಯೊಂದಿದೆ. ಉದ್ದನೆಯ ಭಾಗಾಕಾರ ಬೇಡ. ಪೆನ್ಸಿಲ್ ತೆಗೆದುಕೊಳ್ಳಿ.

641ನ್ನು ಎರಡು ರೀತಿಯಲ್ಲಿ ಬರೆಯಬಹುದು. ಒಂದು, 625 + 16, ಅಂದರೆ 5⁴ + 2⁴. ಇನ್ನೊಂದು, 640 + 1. ಈ 640 ಎಂಬುದು 5 × 2⁷.

ಮೊದಲ ರೂಪವನ್ನು 2²⁸ರಿಂದ ಗುಣಿಸಿ. 5⁴ × 2²⁸ + 2³² ಬರುತ್ತದೆ. 5⁴ × 2²⁸ ಎಂದರೆ (5 × 2⁷)⁴, ಅಂದರೆ 640⁴. ಹೀಗಾಗಿ 640⁴ + 2³² ಎಂಬುದು 641ರ ಅಪವರ್ತ್ಯ.

ಈಗ ಎರಡನೆಯ ರೂಪ. ನಮ್ಮ ಹಳೆಯ ಸೂತ್ರದಂತೆ 640⁴ − 1 = (640² + 1)(640 + 1)(640 − 1). ನಡುವಿನ ಆವರಣವೇ 641. ಆದ್ದರಿಂದ 640⁴ − 1 ಕೂಡ 641ರ ಅಪವರ್ತ್ಯ.

ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. 640⁴ ಹೊಡೆದುಹೋಗಿ 2³² + 1 ಉಳಿಯುತ್ತದೆ. 641ರ ಎರಡು ಅಪವರ್ತ್ಯಗಳ ವ್ಯತ್ಯಾಸವೂ 641ರ ಅಪವರ್ತ್ಯವೇ. ಮುಗಿಯಿತು!

67,00,417 ಕೂಡ ಅವಿಭಾಜ್ಯ. ಹೀಗೆ ನಮ್ಮ ಇಪ್ಪತ್ತಂಕಿಯ ಸಂಖ್ಯೆ ಪೂರ್ತಿಯಾಗಿ ಬಿಚ್ಚಿಕೊಂಡಿತು:

3 × 5 × 17 × 257 × 641 × 65,537 × 67,00,417

ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಬಾರಿ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಸೇರಿಸಬಹುದು ಅಥವಾ ಬಿಡಬಹುದು. ಆದ್ದರಿಂದ ಒಟ್ಟು ಭಾಜಕಗಳು 2⁷, ಅಂದರೆ 128. ಎರಡರ ಘಾತದಿಂದ ಹುಟ್ಟಿದ ಸಂಖ್ಯೆಯ ಭಾಜಕಗಳ ಎಣಿಕೆಯೂ ಎರಡರ ಘಾತವೇ ಆಗಿರುವುದು ಸೊಗಸಲ್ಲವೇ?

ಕೈವಾರ ಹಿಡಿದ ಹುಡುಗ

ಫರ್ಮಾನ ಊಹೆ ಸುಳ್ಳಾದರೂ ಅವನ ಐದು ಸಂಖ್ಯೆಗಳು ವ್ಯರ್ಥವಾಗಲಿಲ್ಲ. ಅಳತೆಯ ಗುರುತಿಲ್ಲದ ಪಟ್ಟಿ ಮತ್ತು ಕೈವಾರ, ಇವೆರಡರಿಂದಲೇ ಸಮಬಾಹು ತ್ರಿಭುಜವನ್ನೂ ನಿಯತ ಪಂಚಭುಜವನ್ನೂ ರಚಿಸಲು ಪ್ರಾಚೀನ ಗ್ರೀಕರಿಗೆ ಗೊತ್ತಿತ್ತು. ಏಳು ಬಾಹುಗಳದ್ದು ಅವರಿಗೆ ಆಗಲಿಲ್ಲ. ಎರಡು ಸಾವಿರ ವರ್ಷ ಈ ವಿಷಯ ಅಲ್ಲೇ ನಿಂತಿತ್ತು. 1796ರಲ್ಲಿ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಹದಿನೇಳು ಬಾಹುಗಳ ನಿಯತ ಬಹುಭುಜವನ್ನು ಹೀಗೆ ರಚಿಸಬಹುದೆಂದು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಫರ್ಮಾನ ಅವಿಭಾಜ್ಯಗಳನ್ನು ಒಂದೊಂದೇ ಬಾರಿ ಬಳಸಿ ಗುಣಿಸಿದಾಗ ಬರುವ ಬಹುಭುಜಗಳು ಮಾತ್ರ ಸಾಧ್ಯ. ಏಳು ಆ ಪಟ್ಟಿಯಲ್ಲಿಲ್ಲ. ಗೊತ್ತಿರುವ ಐದು ಅವಿಭಾಜ್ಯಗಳಿಂದ ಇಂಥ ಮೂವತ್ತೊಂದು ಬಹುಭುಜಗಳು ದೊರೆಯುತ್ತವೆ. ಅವುಗಳಲ್ಲಿ ಅತಿ ದೊಡ್ಡದರ ಬಾಹುಗಳು 4,29,49,67,295. ಈ ಸಂಖ್ಯೆಯನ್ನು ಎಲ್ಲೋ ನೋಡಿದಂತಿದೆಯಲ್ಲವೇ? ಮಂಡಿಯಲ್ಲಿ ಹದಿನೇಳು ಲಾರಿ ತುಂಬಿಸಿದ ಅರ್ಧ ಹಾಸಿನ ಕಾಳುಗಳು ಇಷ್ಟೇ ಇದ್ದವು!

ಕಾಶಿಯ ಬಿಲ್ಲೆಗಳು, ಕೈಯಲ್ಲಿನ ಮೊಬೈಲು

ನಮ್ಮ ಸಂಖ್ಯೆ ಇನ್ನೂ ಎರಡು ಕಡೆ ತಲೆಹಾಕುತ್ತದೆ. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ ಒಂದು ಆಟಿಕೆಯನ್ನು ಹೊರತಂದ. ಮೂರು ಕಡ್ಡಿಗಳು, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಎಂಬಂತೆ ಜೋಡಿಸಿದ ಬಿಲ್ಲೆಗಳು. ಒಮ್ಮೆಗೆ ಒಂದೇ ಬಿಲ್ಲೆ ತೆಗೆದು, ಚಿಕ್ಕದರ ಮೇಲೆ ದೊಡ್ಡದು ಇಡದೆ, ಎಲ್ಲವನ್ನೂ ಇನ್ನೊಂದು ಕಡ್ಡಿಗೆ ಸಾಗಿಸಬೇಕು. ‘ಹನೋಯ್ ಗೋಪುರ’ವೆಂದು ಇದಕ್ಕೆ ಹೆಸರು. ಕಾಶಿಯ ದೇವಾಲಯವೊಂದರಲ್ಲಿ 64 ಚಿನ್ನದ ಬಿಲ್ಲೆಗಳಿವೆ, ಅವನ್ನು ಸಾಗಿಸಿ ಮುಗಿದ ದಿನ ಪ್ರಳಯ ಎಂಬ ಕಥೆಯೂ ಆಟದ ಜೊತೆಗೆ ಹಬ್ಬಿತು. ಕಥೆ ಬರೀ ಕಲ್ಪನೆ, ಲೆಕ್ಕ ಮಾತ್ರ ನಿಜ. 64 ಬಿಲ್ಲೆಗಳಿಗೆ ಬೇಕಾದ ಕನಿಷ್ಠ ಚಲನೆಗಳು ಸರಿಯಾಗಿ 2⁶⁴ − 1. ಸೆಕೆಂಡಿಗೊಂದರಂತೆ ಸಾಗಿಸಿದರೆ ಸುಮಾರು 58,450 ಕೋಟಿ ವರ್ಷ. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ಪ್ರಳಯದ ಭಯ ಸದ್ಯಕ್ಕೆ ಬೇಡ!

ಇನ್ನೊಂದು ಜಾಗ ನಿಮ್ಮ ಮನೆಯಲ್ಲೇ ಇದೆ. ಕಂಪ್ಯೂಟರ್ ಎಲ್ಲವನ್ನೂ 0 ಮತ್ತು 1ಗಳಲ್ಲಿ ಬರೆದಿಡುತ್ತದೆ. ಅಂಥ 64 ಮನೆಗಳನ್ನು ಒಂದು ಸಂಖ್ಯೆಗೆ ಮೀಸಲಿಟ್ಟು ಎಲ್ಲದರಲ್ಲೂ 1 ತುಂಬಿದರೆ ಬರುವುದೇ ನಮ್ಮ ಇಪ್ಪತ್ತಂಕಿಯ ಸಂಖ್ಯೆ. ಇಂದಿನ ಬಹುಪಾಲು ಮೊಬೈಲುಗಳು ಈ 64 ಮನೆಗಳ ಲೆಕ್ಕದಲ್ಲೇ ಕೆಲಸ ಮಾಡುತ್ತವೆ. ಮನೆಗಳು ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನವೂ ಇದೆ. ಯೂಟ್ಯೂಬ್‌ನಲ್ಲಿ ನೋಡಿದವರನ್ನು ಎಣಿಸಲು ಮೊದಲು 32 ಮನೆ ಇಟ್ಟಿದ್ದರು. ಅದರಲ್ಲೊಂದು ಧನ ಅಥವಾ ಋಣ ಚಿಹ್ನೆಗೆ ಹೋಗಿ ಉಳಿದದ್ದು 31. ಹಿಡಿಸುವ ಗರಿಷ್ಠ ಸಂಖ್ಯೆ 2³¹ − 1, ಅಂದರೆ 2,14,74,83,647. 2014ರಲ್ಲಿ ‘ಗ್ಯಾಂಗ್ನಂ ಸ್ಟೈಲ್’ ಎಂಬ ಕೊರಿಯಾದ ಹಾಡು ಆ ಗಡಿ ದಾಟಿದ್ದರಿಂದ ಎಣಿಕೆಯನ್ನು 64 ಮನೆಗೆ ವಿಸ್ತರಿಸಲಾಯಿತು.

ಪೋಷಕರಿಗೆ ಒಂದು ಮಾತು

ಮೊಬೈಲಿನಲ್ಲಿ ಎಲ್ಲ ಬರುತ್ತದೆ ಎಂದ ಆ ತಂದೆಯ ಮಾತಿನಲ್ಲಿ ತಪ್ಪೇನೂ ಇಲ್ಲ. ಯಂತ್ರ ಬಹಳಷ್ಟನ್ನು ಕೊಡುತ್ತದೆ. ಇನ್ನೂ ಒಳ್ಳೆಯ ಯಂತ್ರವಾದರೆ ಇಪ್ಪತ್ತೂ ಅಂಕಿಗಳನ್ನು ತೋರಿಸೀತು. ಆದರೆ ತೆರೆಯ ಮೇಲೆ ಬಂದದ್ದು ಸರಿಯೇ ಎಂದು ಅನುಮಾನಿಸಿ, ಏಕೆ ಸರಿಯಲ್ಲ ಎಂದು ಹೇಳಿದ್ದು ಹಿಂದಿನ ಬೆಂಚಿನ ಹುಡುಗಿ. ಐದಿಲ್ಲದೆ ಸೊನ್ನೆ ಬಾರದು ಎಂಬ ಒಂದು ಸಣ್ಣ ತಿಳಿವಳಿಕೆಯಿಂದ ಅವಳು ಆ ಮಾತು ಹೇಳಿದಳು. ಪರೀಕ್ಷೆಯಲ್ಲಿ ಅಂಥ ಮಾತಿಗೆ ಅಂಕವಿಡುವ ಜಾಗವನ್ನು ನಾವು ಮೇಷ್ಟ್ರುಗಳೇ ಇಟ್ಟಿಲ್ಲ. ಮೂವತ್ತೆಂಟು ಅಂಕದಲ್ಲಿ ಅವಳ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಮಕ್ಕಳ ಅಂಕಪಟ್ಟಿ ನೋಡಿ ‘ಲೆಕ್ಕ ಇವನಿಗೆ ಆಗದು’ ಎಂದು ತೀರ್ಮಾನಿಸುವ ಮೊದಲು ಒಂದು ಸಂಜೆ ಅವರೊಂದಿಗೆ ಚದುರಂಗದ ಹಾಸು ಹರಡಿಕೊಂಡು ಕೂರಿ. ಗೋಧಿಯೋ ರಾಗಿಯೋ, ಮನೆಯಲ್ಲಿರುವ ಕಾಳು ತನ್ನಿ. ಒಂದು ಸಾಲು ಇಡುವಷ್ಟರಲ್ಲಿ ಅವರೇ ಪ್ರಶ್ನೆ ಕೇಳಲು ತೊಡಗುತ್ತಾರೆ.

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ ಅವಳ ತಂದೆ, “ಸೈನ್ಸೋ ಕಾಮರ್ಸೋ, ರಿಸಲ್ಟ್ ಬಂದ ಮೇಲೆ ಅವಳನ್ನೇ ಕೇಳೋಣ ಮೇಷ್ಟ್ರೇ” ಎಂದರು. ನನಗೆ ಅಷ್ಟು ಸಾಕು.

ಬಿಡುವಿನಲ್ಲಿ ಬಿಡಿಸಿ

1. ನಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಿ. ಅದನ್ನು 3 ಭಾಗಿಸುತ್ತದೆಯೇ? 9 ಭಾಗಿಸುತ್ತದೆಯೇ?

2. ಭಾಗಾಕಾರ ಮಾಡದೆ, ಈ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ ಹೇಳಿ. (ಸುಳಿವು: 8ನ್ನು 7ರಿಂದ ಭಾಗಿಸಿದರೆ ಶೇಷ 1.)

3. ಮೂರು ಸಾಲಿನ, ಅಂದರೆ 24 ಮನೆಗಳ, ಕಾಳುಗಳು 1,67,77,215. ಇದನ್ನು 7 ಭಾಗಿಸುತ್ತದೆ. ಎಂಟು ಸಾಲಿನ ಮೊತ್ತವನ್ನು ಭಾಗಿಸುವುದಿಲ್ಲ. ಏಕಿರಬಹುದು?

ಉತ್ತರಗಳು: (1) ಮೊತ್ತ 87. ಆದ್ದರಿಂದ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. (2) 2⁶⁴ ಎಂದರೆ 2 × 8²¹. ಇದರ ಶೇಷ 2, ಒಂದು ಕಳೆದರೆ 1. (3) 24 ಎಂಬುದು 3ರ ಅಪವರ್ತ್ಯ. ಆದ್ದರಿಂದ 2²⁴ ಎಂದರೆ 8⁸, ಅದರ ಶೇಷ 1, ಒಂದು ಕಳೆದರೆ 0. 64 ಎಂಬುದು 3ರ ಅಪವರ್ತ್ಯವಲ್ಲ.